ನಾಳೆಯ ಬೆಲೆ, ಇವತ್ತಿನ ಬಾಡಿಗೆ

ರಾಣೆಬೆನ್ನೂರಿನಿಂದ ನಿವೃತ್ತ ಹೈಸ್ಕೂಲ್ ಮಾಸ್ತರರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಆದರೆ ಒಳಗಿರುವುದು ಬರೀ ಚಿಂತೆ. ಮಗಳು ಬೆಂಗಳೂರಿನ ಜಯನಗರದ ಕಡೆಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ ಮುಗಿಸಿದ್ದಾಳೆ. ಪಿ.ಜಿ.ಯಲ್ಲಿ ಇದ್ದಾಳೆ, ಊಟ ಸೇರಿ ತಿಂಗಳಿಗೆ 11 ಸಾವಿರ. ಮಗ ದ್ವಿತೀಯ ಪಿಯುಸಿ. ಈ ನಡುವೆ ಮಾಸ್ತರರ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮನೆ ಮಾರಾಟದ ಕೆಲಸದಲ್ಲಿ ಇರುವವನು, ಒಂದು ಸಲಹೆ ಕೊಟ್ಟಿದ್ದಾನೆ.

'ಸರ್, ಪಿ.ಜಿ.ಗೆ ಯಾಕೆ ದುಡ್ಡು ಸುರೀತೀರಿ? ಚಂದಾಪುರದ ಹತ್ತಿರ ಎರಡು ಬೆಡ್‌ರೂಮಿನ ಫ್ಲಾಟ್ ಇದೆ, 70 ಲಕ್ಷ. ಬೊಮ್ಮಸಂದ್ರಕ್ಕೆ ಮೆಟ್ರೊ ಬಂದಾಯಿತು. ಮಗಳು ಒಂದು ಕೋಣೇಲಿ ಇರಲಿ, ಇನ್ನೊಂದನ್ನ ಅವಳ ಗೆಳತಿಯರಿಗೆ ಕೊಡಿ. ಓದು ಮುಗಿದ ಮೇಲೆ ಇಡೀ ಮನೆ ಬಾಡಿಗೆಗೆ ಬಿಡಿ, ತಿಂಗಳಿಗೆ 20 ಸಾವಿರ ಎಲ್ಲೂ ಹೋಗಲ್ಲ. ಬೇಡ ಅನಿಸಿದರೆ ಮಾರಿ. ನಾಲ್ಕು ವರ್ಷಕ್ಕೆ ರೇಟು ಡಬಲ್.'

ನಿವೃತ್ತಿಯ ಹಣ, ಊರಿನಲ್ಲಿದ್ದ ಒಂದು ನಿವೇಶನ ಮಾರಿದ ಹಣ ಎಲ್ಲ ಸೇರಿ ಮಾಸ್ತರರ ಕೈಯಲ್ಲಿ 48 ಲಕ್ಷ ಇದೆ. ಬ್ಯಾಂಕಿನವರು ಪಿಂಚಣಿಯ ಆಧಾರದ ಮೇಲೆ ಹತ್ತು ವರ್ಷಕ್ಕೆ 30 ಲಕ್ಷ ಸಾಲ ಕೊಡಲು ಒಪ್ಪಿದ್ದಾರೆ. ಒಂದು ಲಕ್ಷ ಮುಂಗಡವನ್ನೂ ಕೊಟ್ಟು ಬಂದಿದ್ದಾರೆ. 'ಸರಿಯೋ ತಪ್ಪೋ ಹೇಳಿರಿ' ಎಂದು ಕೊನೆಯ ಸಾಲು.

ಮುಂಗಡ ಕೊಡುವ ಮೊದಲೇ ಈ ಕಾಗದ ಬರೆಯಬಾರದಿತ್ತೆ ಎಂದು ನನಗೆ ಅನ್ನಿಸಿದ್ದು ನಿಜ. ಇರಲಿ. ಸಿಇಟಿ ಸೀಟು ಹಂಚಿಕೆ ಮುಗಿದ ಮೇಲೆ ಪ್ರತಿವರ್ಷ ಇಂಥ ಕಾಗದ ಒಂದಾದರೂ ಬರುತ್ತದೆ. ಹೆಸರು ಬೇರೆ, ಊರು ಬೇರೆ, ಲೆಕ್ಕ ಒಂದೇ. ಆದ್ದರಿಂದ ಈ ವಾರ ಇದನ್ನೇ ಬಿಡಿಸೋಣ. ಅಪ್ಪ ಅಮ್ಮಂದಿರು ಮಾತ್ರವಲ್ಲ, ಮಕ್ಕಳೂ ಒಂದು ಪೆನ್ಸಿಲು ಹಿಡಿದು ಕೂತುಕೊಳ್ಳಿ. ಮನೆಯ ದೊಡ್ಡ ಹಣ ನಿಮ್ಮ ಹೆಸರು ಹೇಳಿಕೊಂಡೇ ಹೊರಗೆ ಹೋಗುತ್ತಿದೆ.

ಮೊದಲು ಮನೆಯ ನಿಜವಾದ ಬೆಲೆ. 70 ಲಕ್ಷ ಎನ್ನುವುದು ಮಾರುವವನ ಬೆಲೆ. ಕೊಳ್ಳುವವನ ಬೆಲೆ ಅದಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ನೂರಕ್ಕೆ ಐದು. ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಮೊದಲು ನೂರಕ್ಕೆ ಒಂದಿತ್ತು, 2025ರ ಆಗಸ್ಟ್ 31ರಿಂದ ಎರಡಾಯಿತು. ಎಲ್ಲ ಕೂಡಿದರೆ ನೂರಕ್ಕೆ ಸುಮಾರು 7.6. ಅಂದರೆ 70 ಲಕ್ಷಕ್ಕೆ 5 ಲಕ್ಷ 32 ಸಾವಿರ. ಇನ್ನು ಬರೀ ಗೋಡೆಯ ಮನೆಗೆ ಬಾಡಿಗೆಯವರು ಬರುವುದಿಲ್ಲ. ಅಡುಗೆಮನೆಯ ಕಪಾಟು, ಬೀರು, ಗೀಸರ್, ಫ್ಯಾನು, ಕಿಟಕಿಗೆ ಸೊಳ್ಳೆ ಪರದೆ ಎಂದು ಎರಡೂವರೆ ಲಕ್ಷದ ಮೇಲೆಯೇ ಹೋಗುತ್ತದೆ. ಮನೆ ಬಾಡಿಗೆಗೆ ತಯಾರಾಗಿ ನಿಲ್ಲುವ ಹೊತ್ತಿಗೆ 78 ಲಕ್ಷ ಎಂದಿಟ್ಟುಕೊಳ್ಳಿ. ಮಾಸ್ತರರ 48, ಬ್ಯಾಂಕಿನ 30. ಸರಿಯಾಗಿ ಮುಗಿಯಿತು. ಒಂದು ರೂಪಾಯಿ ಉಳಿಯಲಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಮಗಳಿಗೆ ಇನ್ನು ಉಳಿದಿರುವುದು ಮೂರು ವರ್ಷ. ಪಿ.ಜಿ.ಗೆ ತಿಂಗಳಿಗೆ 11 ಸಾವಿರದಂತೆ ಮೂರು ವರ್ಷಕ್ಕೆ 3 ಲಕ್ಷ 96 ಸಾವಿರ. ಅದನ್ನು ಉಳಿಸಲೆಂದು ಹೊರಟವರು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಇಳಿಯುವಾಗಲೇ 5 ಲಕ್ಷ 32 ಸಾವಿರ ಕಳೆದುಕೊಂಡಿರುತ್ತಾರೆ. ಪಿ.ಜಿ. ಉಳಿತಾಯ ಎಂಬ ಮಾತನ್ನು ಇಲ್ಲಿಗೇ ಬಿಡೋಣ. ಅದು ಕಾರಣವಲ್ಲ, ನೆಪ.

ಈಗ ಬಾಡಿಗೆ. ಹುಡುಗಿ ಅಲ್ಲಿಲ್ಲ, ಇಡೀ ಮನೆಯನ್ನು ಒಂದು ಸಂಸಾರಕ್ಕೆ ಕೊಟ್ಟಿದ್ದೀರಿ ಎಂದೇ ಇಟ್ಟುಕೊಳ್ಳೋಣ. ದಲ್ಲಾಳಿ ಹೇಳಿದ 20 ಸಾವಿರವನ್ನೇ ಒಪ್ಪೋಣ. ವರ್ಷಕ್ಕೆ 2 ಲಕ್ಷ 40 ಸಾವಿರ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ, ಸುಣ್ಣ ಬಣ್ಣ ಆಗುವ ತನಕ, ಸರಾಸರಿ ವರ್ಷಕ್ಕೊಂದು ತಿಂಗಳು ಮನೆ ಖಾಲಿ. ಉಳಿದದ್ದು 2 ಲಕ್ಷ 20 ಸಾವಿರ. ಬಾಡಿಗೆಯಲ್ಲೇ ಮೇಂಟೆನೆನ್ಸ್ ಸೇರಿದ್ದರೆ ತಿಂಗಳಿಗೆ 3 ಸಾವಿರದಂತೆ 36 ಸಾವಿರ ತೆಗೆಯಿರಿ. ಮನೆ ಕಂದಾಯಕ್ಕೆ 6 ಸಾವಿರ. ನಲ್ಲಿ, ಮೋಟಾರು, ಪೇಂಟು ಎಂದು ವರ್ಷಕ್ಕೆ 18 ಸಾವಿರ. ಬಾಡಿಗೆಯವರನ್ನು ಹುಡುಕಿ ಕೊಡುವವನಿಗೆ 10 ಸಾವಿರ. ಒಟ್ಟು ಖರ್ಚು 70 ಸಾವಿರ. ಕೈಗೆ ಬಂದದ್ದು ಒಂದೂವರೆ ಲಕ್ಷ.

78 ಲಕ್ಷಕ್ಕೆ ಒಂದೂವರೆ ಲಕ್ಷ. ಮಕ್ಕಳೇ, ಶೇಕಡಾವಾರು ತೆಗೆಯಿರಿ. ನೂರಕ್ಕೆ ಎರಡು ರೂಪಾಯಿಯೂ ಪೂರ್ತಿ ಬರಲಿಲ್ಲ.

ಸಾಲದ ಕಡೆ ನೋಡೋಣ. 30 ಲಕ್ಷಕ್ಕೆ ನೂರಕ್ಕೆ ಎಂಟರ ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳ ಕಂತು ಸುಮಾರು 36,400 ರೂಪಾಯಿ. ಮನೆಯಿಂದ ತಿಂಗಳಿಗೆ ಬಂದದ್ದು 12,500. ಮಿಕ್ಕ 23,900 ಪಿಂಚಣಿಯಿಂದ ಹೋಗಬೇಕು. 'ಬಾಡಿಗೆಯೇ ಸಾಲ ತೀರಿಸುತ್ತದೆ' ಎಂಬ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಕಂತಿನ ಪುಸ್ತಕವನ್ನೂ ಬಾಡಿಗೆ ರಸೀದಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಎಂದರೆ ಹೆಚ್ಚಿನವರು ವಿಷಯ ಬದಲಿಸುತ್ತಾರೆ.

ಇದೇ ಹಣ ಬೇರೆ ಕಡೆ ಏನು ಮಾಡುತ್ತಿತ್ತು? ಅಂಚೆ ಕಚೇರಿಯಲ್ಲಿ, ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಎಂದು ಒಂದಿದೆ. 2023ರಲ್ಲಿ ಅದರ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಡ್ಡಿ ನೂರಕ್ಕೆ 8.2 ಆಯಿತು. ಸೇರಿದ ದಿನ ಯಾವ ದರವೋ ಐದು ವರ್ಷಕ್ಕೂ ಅದೇ ದರ. 8.2ರ ದರದಲ್ಲಿ 30 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ವರ್ಷಕ್ಕೆ 2 ಲಕ್ಷ 46 ಸಾವಿರ. ನಲ್ಲಿ ಸೋರುವುದಿಲ್ಲ, ಬಾಡಿಗೆಯವರ ಫೋನು ಬರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಲೆಕ್ಕ. ಠೇವಣಿಯ ಅಸಲು ಬೆಳೆಯುವುದಿಲ್ಲ, ಆಸ್ತಿ ಬೆಳೆಯುತ್ತದೆ. ಬಾಡಿಗೆಯೂ ವರ್ಷ ವರ್ಷ ಸ್ವಲ್ಪ ಏರುತ್ತದೆ. ಬೆಂಗಳೂರಿನಲ್ಲಿ ಸೈಟು ಕೊಂಡು ಕೆಟ್ಟವರಿಗಿಂತ ಬದುಕಿದವರ ಕಥೆಯನ್ನೇ ನಾವು ಹೆಚ್ಚು ಕೇಳಿದ್ದೇವೆ. ಹಾಗಾದರೆ ಮಾಸ್ತರರ ಹಳೆಯ ವಿದ್ಯಾರ್ಥಿ ಹೇಳುವುದರಲ್ಲಿ ತಪ್ಪೇನು?

ತಪ್ಪು ಇರುವುದು ಕಾಲದ ಲೆಕ್ಕದಲ್ಲಿ. 'ಬೆಳೆಯುತ್ತಿರುವ ಬಡಾವಣೆ' ಎಂದರೆ ಇನ್ನೂ ಬೆಳೆಯದ ಬಡಾವಣೆ ಎಂದರ್ಥ. ಅಲ್ಲಿ ಮನೆ ಮಾರುವವನು ನಾಳೆ ಬರಲಿರುವ ರಸ್ತೆ, ರೈಲು, ಕಂಪನಿ, ಆಸ್ಪತ್ರೆ ಎಲ್ಲದರ ಬೆಲೆಯನ್ನೂ ಇವತ್ತೇ ನಿಮ್ಮಿಂದ ತೆಗೆದುಕೊಳ್ಳುತ್ತಾನೆ. ಬಾಡಿಗೆಯವನು ಹಾಗಲ್ಲ. ಅವನು ಇವತ್ತು ನಲ್ಲಿಯಲ್ಲಿ ನೀರು ಬರುತ್ತದೆಯೇ, ಇವತ್ತು ಆಫೀಸಿಗೆ ಬಸ್ಸು ಸಿಗುತ್ತದೆಯೇ ಎಂದು ಮಾತ್ರ ನೋಡುತ್ತಾನೆ. ನಾಳೆಯ ಮೆಟ್ರೊಗೆ ಯಾವ ಬಾಡಿಗೆಯವನೂ ಈ ತಿಂಗಳು ದುಡ್ಡು ಕೊಡುವುದಿಲ್ಲ. ಕೊಟ್ಟ ಬೆಲೆಗೂ ಬರುವ ಬಾಡಿಗೆಗೂ ನಡುವೆ ಇರುವ ಆ ಹಳ್ಳವನ್ನು ಬಡಾವಣೆ ಬೆಳೆಯುವ ತನಕ ತುಂಬುತ್ತಾ ಇರಬೇಕಾದವರು ನೀವು.

ಎಷ್ಟು ವರ್ಷ? ಮಾಸ್ತರರು ಹೇಳುವ ದಿಕ್ಕನ್ನೇ ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಹುಟ್ಟುಹಾಕಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಇನ್ಫೊಸಿಸ್ ಅಲ್ಲಿಗೆ ಹೋದದ್ದು 1994ರಲ್ಲಿ. ಹೊಸೂರು ರಸ್ತೆಯ ಮೇಲಿನ ಆ ಉದ್ದನೆಯ ಮೇಲ್ಸೇತುವೆ ತೆರೆದದ್ದು 2010ರ ಜನವರಿಯಲ್ಲಿ. ಮೆಟ್ರೊ ಎರಡನೆಯ ಹಂತಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2014ರ ಆರಂಭದಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ರೈಲು ಓಡಿದ್ದು 2025ರ ಆಗಸ್ಟ್ 10ರಂದು. ಹನ್ನೊಂದು ವರ್ಷ! ಅದೂ ಮೊದಲಿಗೆ ಮೂರೇ ರೈಲು, 25 ನಿಮಿಷಕ್ಕೊಂದು. 2014ರಲ್ಲಿ 'ಮೆಟ್ರೊ ಬರುತ್ತದೆ' ಎಂದು ಕೊಂಡವರ ಮಕ್ಕಳು ಆಗ ಒಂದನೆಯ ತರಗತಿಯಲ್ಲಿದ್ದರೆ, ರೈಲು ಬರುವ ಹೊತ್ತಿಗೆ ಪಿಯುಸಿ ಮುಗಿಸುವವರಾಗಿದ್ದರು. ರೈಲು ಬಂದ ಮೇಲೆ ಕೊಳ್ಳುವವರಿಗೆ ಇನ್ನೊಂದು ತೊಂದರೆ: ಮೆಟ್ರೊದಿಂದ ಏರಬೇಕಾದ ಬೆಲೆಯ ಬಹುಪಾಲು ಆಗಲೇ ಏರಿ, ಆ 70 ಲಕ್ಷದೊಳಗೆ ಸೇರಿ ಕೂತಿರುತ್ತದೆ.

ನೀರಿನ ವಿಷಯ ಇನ್ನೂ ನಿಧಾನ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಗಡಿ ಹಿಗ್ಗಿದಾಗ ಸುತ್ತಲಿನ 110 ಹಳ್ಳಿಗಳು ಒಳಗೆ ಬಂದವು. ಅವುಗಳಿಗೆಂದೇ ಯೋಜಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಆ ಜನ ಬೋರ್‌ವೆಲ್ಲು, ಟ್ಯಾಂಕರನ್ನು ನಂಬಿ ಬದುಕಿದರು. 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿ, ಟ್ಯಾಂಕರ್ ನೀರಿನ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾಯಿತು. ಚಂದಾಪುರ, ಬೊಮ್ಮಸಂದ್ರಗಳು ಆ 110ರಲ್ಲಿಯೂ ಇಲ್ಲ; ಅವು ಆನೇಕಲ್ ತಾಲ್ಲೂಕಿನ ಪುರಸಭೆಗಳು. ಇನ್ನು ಪೆರಿಫೆರಲ್ ರಿಂಗ್ ರಸ್ತೆಯ ಸುದ್ದಿ ಕೇಳಲೇಬೇಡಿ. 2007ರಲ್ಲಿ ಅಂತಿಮ ಅಧಿಸೂಚನೆ ಹೊರಟ ರಸ್ತೆ ಅದು. 2025 ಮುಗಿಯುವ ತನಕವೂ ಅದರ ಮೇಲೆ ಒಂದು ಗಾಡಿ ಓಡಿರಲಿಲ್ಲ. ಅದನ್ನು ತೋರಿಸಿ ಮಾರಿದ ಸೈಟುಗಳಿಗೆ ಮಾತ್ರ ಲೆಕ್ಕವಿಲ್ಲ.

ಇದನ್ನೆಲ್ಲ ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನನ್ನದೇ ಒಂದು ಕಥೆ ಇದೆ, ಈ ಅಂಕಣದಲ್ಲಿ ಇದುವರೆಗೆ ಹೇಳಿರಲಿಲ್ಲ.

1996ರಲ್ಲಿ ಯಲಹಂಕದಿಂದ ಆಚೆ ಒಂದು 30-40 ಸೈಟು ಕೊಂಡೆ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ತೊಂಬತ್ತರ ದಶಕದ ಆರಂಭದಿಂದಲೇ ಇತ್ತು. ನನಗೆ ಮಾರಿದ ಪುಣ್ಯಾತ್ಮ ಆಕಾಶ ತೋರಿಸಿ 'ಇನ್ನೇನು ಬಂತು' ಎಂದಿದ್ದ. ಎರಡು ವರ್ಷದ ಮೇಲೆ ಪಿ.ಎಫ್. ಸಾಲ ತೆಗೆದು ಕೆಳಗೊಂದು, ಮೇಲೊಂದು ಚಿಕ್ಕ ಮನೆ ಕಟ್ಟಿಸಿದೆ. ಎರಡೂ ಬಾಡಿಗೆಗೆ. ಬಾಡಿಗೆ ಹಣದಲ್ಲಿ ಮಗನ ಓದು, ಇದು ನನ್ನ ಮತ್ತು ನನ್ನ ಹೆಂಡತಿಯ ಯೋಜನೆ. ಕೆಳಗಿನ ಮನೆಗೆ ಬಂದ ಬ್ಯಾಂಕ್ ಗುಮಾಸ್ತರ ಸಂಸಾರ ಒಂದು ಬೇಸಿಗೆ ಕಳೆಯುವುದರೊಳಗೆ ಬಿಟ್ಟು ಹೋಯಿತು. ನೀರಿಲ್ಲ, ರಾತ್ರಿ ಎಂಟರ ಮೇಲೆ ಬಸ್ಸಿಲ್ಲ, ಅವರನ್ನು ದೂರುವ ಹಾಗೂ ಇರಲಿಲ್ಲ. ಮೇಲಿನ ಮನೆಯಲ್ಲಿ ಕೊಪ್ಪಳದ ಕಡೆಯ ಅಣ್ಣತಮ್ಮಂದಿರಿಬ್ಬರು ಓದಿಕೊಂಡಿದ್ದರು. ಬಂಗಾರದಂಥ ಹುಡುಗರು. ಸಂಪು ತುಂಬಿಸುವುದು, ಬಲ್ಬು ಹಾಕಿಸುವುದು ಎಲ್ಲ ಅವರೇ ನೋಡಿಕೊಂಡರು. ಐದು ವರ್ಷದಲ್ಲಿ ನಾನು ಅವರ ಬಾಡಿಗೆ ಒಂದು ರೂಪಾಯಿ ಏರಿಸಲಿಲ್ಲ. ಏರಿಸಿದ್ದರೆ ಹೋಗುತ್ತಿದ್ದರು, ಬೇರೆ ಯಾರೂ ಬರುತ್ತಿರಲಿಲ್ಲ. ಕೆಳಗಿನ ಮನೆ ಆಗಾಗ ಮೂರು ನಾಲ್ಕು ತಿಂಗಳು ಬೀಗ ಹಾಕಿಕೊಂಡೇ ಇರುತ್ತಿತ್ತು.

2004ರಲ್ಲಿ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಫೀಸು, ಹಾಸ್ಟೆಲು ಎರಡಕ್ಕೂ ಒಟ್ಟಿಗೆ ಹಣ ಬೇಕು. ಬಾಡಿಗೆಯಿಂದ ಆಗುವ ಮಾತಲ್ಲ. ಮನೆ ಮಾರಿದೆ. ಹಾಕಿದ ಹಣ, ಕಟ್ಟಿದ ಬಡ್ಡಿ ಲೆಕ್ಕ ಹಾಕಿದರೆ ಬರಿಗೈಯಲ್ಲಿ ಹೊರಗೆ ಬಂದೆ ಎನ್ನಬೇಕು. ಮರುವರ್ಷ ವಿಮಾನ ನಿಲ್ದಾಣದ ಕೆಲಸ ಶುರುವಾಯಿತು. 2008ರ ಮೇ 24ರಂದು ವಿಮಾನ ಹಾರಿತು. ಅವತ್ತು ಆ ಸೈಟಿನ ಬೆಲೆ ಎಷ್ಟಾಗಿತ್ತು ಎಂದು ಈಗಲೂ ನನ್ನ ಹೆಂಡತಿ ಹೇಳಲು ಬಿಡುವುದಿಲ್ಲ.

ನೋಡಿ, ಬಡಾವಣೆ ಬೆಳೆಯುತ್ತದೆ ಎಂದು ನಾನು ಮಾಡಿದ ಊಹೆ ಸರಿಯಾಗಿಯೇ ಇತ್ತು. ಮಗನ ಫೀಸು ಕಟ್ಟುವ ತಾರೀಖು ಮಾತ್ರ ವಿಮಾನಕ್ಕಿಂತ ನಾಲ್ಕು ವರ್ಷ ಮೊದಲೇ ಬಂತು. ಮಾಸ್ತರರ ಕಾಗದ ಓದುವಾಗ ನನ್ನ ಕಣ್ಣು 70 ಲಕ್ಷದ ಮೇಲೆ ನಿಲ್ಲಲಿಲ್ಲ. 'ಮಗ ದ್ವಿತೀಯ ಪಿಯುಸಿ' ಎಂಬ ಮೂರು ಪದದ ಮೇಲೆ ನಿಂತಿತು. ಮುಂದಿನ ಜೂನ್, ಜುಲೈಗೆ ಆ ಹುಡುಗನ ಫೀಸು ಎಲ್ಲಿಂದ ಬರುತ್ತದೆ? 48 ಲಕ್ಷವೂ ಸಿಮೆಂಟಿನಲ್ಲಿ, ಪಿಂಚಣಿಯ ದೊಡ್ಡ ಪಾಲು ಕಂತಿನಲ್ಲಿ. ಫ್ಲಾಟಿನ ಒಂದು ಕಿಟಕಿಯನ್ನು ಮಾತ್ರ ಬಿಚ್ಚಿ ಮಾರಲು ಬರುವುದಿಲ್ಲವಲ್ಲ.

'ನಾಲ್ಕು ವರ್ಷಕ್ಕೆ ಡಬಲ್' ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಿ. ಅದಕ್ಕೆ ಬೆಲೆ ವರ್ಷಕ್ಕೆ ನೂರಕ್ಕೆ 19ರಂತೆ, ಬಿಡದೆ, ನಾಲ್ಕು ವರ್ಷ ಏರಬೇಕು. ಸೈಟಿಗೆ ಕೆಲವೊಮ್ಮೆ ಹಾಗಾಗಿದೆ. ಫ್ಲಾಟಿನ ಜಾತಕ ಬೇರೆ. ಬೆಳೆಯುವುದು ನೆಲದ ಬೆಲೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪಾಲಿಗೆ ಬರುವ ನೆಲ ಎಷ್ಟು ಚದರಡಿ ಎಂದು ಕ್ರಯಪತ್ರದಲ್ಲಿ ಬರೆದಿರುತ್ತದೆ, ಅದನ್ನು ಓದಿದರೆ ಆಶ್ಚರ್ಯವಾಗುತ್ತದೆ. ಇನ್ನು ಸುತ್ತಮುತ್ತ ಖಾಲಿ ಜಮೀನು ಇರುವ ಕಡೆ, ನಿಮ್ಮ ಫ್ಲಾಟು ಐದು ವರ್ಷ ಹಳತಾಗುವ ಹೊತ್ತಿಗೆ ಎದುರಿಗೇ ಹೊಸದೊಂದು ಎದ್ದು ನಿಲ್ಲುತ್ತದೆ, ಈಜುಕೊಳದ ಸಮೇತ. ಬಾಡಿಗೆಯವನಿಗೂ ಕೊಳ್ಳುವವನಿಗೂ ಕಣ್ಣು ಹೊಸದರ ಮೇಲೆ. ಖಾಲಿ ಜಾಗ ಮುಗಿದು, ಕೆಲಸಕ್ಕೆ ಬರುವವರು ಮಾತ್ರ ಹೆಚ್ಚುತ್ತಾ ಹೋಗುವ ಕಡೆ ಬಾಡಿಗೆ ಏರುತ್ತದೆ. ಅಂಥ ಬಡಾವಣೆಯನ್ನು ಯಾರೂ 'ಬೆಳೆಯುತ್ತಿರುವ' ಎಂದು ಕರೆಯುವುದಿಲ್ಲ.

ಬಾಡಿಗೆ ಬೀಳುವುದೂ ಉಂಟು ಎಂಬುದನ್ನು ನಾವು 2020ರಲ್ಲಿ ನೋಡಿದೆವು. ಕೊರೊನಾ ಬಂದು ಕಾಲೇಜು ಮುಚ್ಚಿದವು, ಸಾಫ್ಟ್‌ವೇರ್ ಹುಡುಗರು ಊರಿಗೆ ಹೋಗಿ ಕೂತರು. ಪಿ.ಜಿ.ಗಳು ಖಾಲಿ, ಫ್ಲಾಟುಗಳಿಗೆ ಬೀಗ. ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಆಗಸ್ಟ್ ತನಕ ಅವಕಾಶ ಕೊಟ್ಟಿತು, ಆದರೆ ಬಡ್ಡಿ ನಿಲ್ಲಲಿಲ್ಲ. ಆಮೇಲೆ 2022, 2023ರಲ್ಲಿ ಎಲ್ಲರೂ ಒಟ್ಟಿಗೆ ಮರಳಿ ಬಂದಾಗ ಬಾಡಿಗೆ ಆಕಾಶಕ್ಕೆ ಹೋಯಿತು. ಪಿಯುಸಿಯಲ್ಲಿ ಅಂಕ ಕಡಿಮೆ ಎಂದು ಮಾಲೀಕನೊಬ್ಬ ಹುಡುಗನಿಗೆ ಮನೆ ಕೊಡಲಿಲ್ಲ ಎಂಬ ಸುದ್ದಿ 2023ರಲ್ಲಿ ಹರಿದಾಡಿತ್ತು. ಅಂಕಪಟ್ಟಿ ಇನ್ನು ಯಾವುದಕ್ಕೆಲ್ಲ ಬೇಕಾಗುತ್ತದೋ! ಆ ಎರಡು ವರ್ಷದ ಬಾಡಿಗೆ ನೋಡಿ ಸಾಲ ಮಾಡಿದವರು, ಅದಕ್ಕಿಂತ ಮೊದಲಿನ ಎರಡು ವರ್ಷವನ್ನು ಮರೆತಿದ್ದರು.

ಈಗ ಮಗಳ ವಿಷಯ. ಈ ಯೋಜನೆಯಲ್ಲಿ ಯಾರೂ ಅವಳನ್ನು ಕೇಳಿದ ಹಾಗೆ ಕಾಣುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ತನ್ನ ಗೆಳತಿಯರಿಗೇ ಮನೆ ಯಜಮಾನಿಯಾಗಬೇಕು. ತಿಂಗಳ ಐದನೆಯ ತಾರೀಖು ಬಾಡಿಗೆ ಕೇಳಬೇಕು. ಗ್ಯಾಸ್ ಸಿಲಿಂಡರ್ ಬರುವ ದಿನ ಮನೆಯಲ್ಲಿರಬೇಕು, ಪ್ಲಂಬರ್ ಬಂದರೆ ಲ್ಯಾಬ್ ಬಿಟ್ಟು ಬರಬೇಕು. ಪಿ.ಜಿ.ಯಲ್ಲಿ ತಟ್ಟೆಗೆ ಬರುತ್ತಿದ್ದ ಊಟವನ್ನು ತಾನೇ ಮಾಡಿಕೊಳ್ಳಬೇಕು. ಒಬ್ಬ ಗೆಳತಿ ಜಗಳವಾಡಿ ನಡುವೆ ಬಿಟ್ಟು ಹೋದರೆ ಇನ್ನೊಬ್ಬಳನ್ನು ಹುಡುಕಬೇಕು. ಪರೀಕ್ಷೆ ಇದ್ದರೂ ಅಷ್ಟೇ. ಬೊಮ್ಮಸಂದ್ರದಿಂದ ಜಯನಗರದ ಕಡೆಗೆ ದಿನಾ ಹೋಗಿ ಬರುವುದು ಬೇರೆ. ಅವಳನ್ನು ಓದಲಿಕ್ಕೆ ಕಳಿಸಿದ್ದೋ ಆಸ್ತಿ ಕಾಯಲಿಕ್ಕೆ ಕಳಿಸಿದ್ದೋ? ಕೆಲವು ಹುಡುಗಿಯರು ಇದನ್ನೆಲ್ಲ ಹೂ ಎತ್ತಿದ ಹಾಗೆ ಮಾಡುತ್ತಾರೆ, ಅದೂ ಒಂದು ಪಾಠವೇ. ಆದರೆ ಒಪ್ಪಿಕೊಂಡು ಮಾಡಬೇಕು, ಹೇರಿಸಿಕೊಂಡಲ್ಲ.

ಇಷ್ಟಾದ ಮೇಲೂ, ಫೀಸಿನ ಹಣ ಬೇರೆ ಇಟ್ಟು, ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣ ಇದ್ದವರು ಬಾಡಿಗೆಗೆಂದು ಮನೆ ಕೊಳ್ಳುವುದಾದರೆ ನಾನು ಬೇಡ ಎನ್ನುವುದಿಲ್ಲ. ಅಂಥವರಿಗೆ ನನ್ನದು ಒಂದೇ ಸಲಹೆ: ಭಾನುವಾರ ಮಧ್ಯಾಹ್ನ ದಲ್ಲಾಳಿಯ ಕಾರಿನಲ್ಲಿ ಕೂತು ಬಡಾವಣೆ ನೋಡಬೇಡಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಪಾಡಿಗೆ ಬಸ್ಸಿನಲ್ಲಿ ಹೋಗಿ. ಒಂದು ಜೋರು ಮಳೆ ಬಂದ ಮರುದಿನ ಹೋಗಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಕೋಟಿ ಕೋಟಿ ಬೆಲೆಯ ಮನೆಯವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೀರಿ. ರಾಜಕಾಲುವೆ ಎಲ್ಲಿ ಹರಿಯುತ್ತದೆ ಎಂದು ಅಲ್ಲಿನ ಹಳ್ಳಿಯ ಹಿರಿಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ನೀರಿನ ವಿಷಯವನ್ನು ಬಿಲ್ಡರನ್ನು ಕೇಳಬೇಡಿ, ಟ್ಯಾಂಕರ್ ಡ್ರೈವರನ್ನು ಕೇಳಿ. ಬಾಡಿಗೆ ಎಷ್ಟು ಬರುತ್ತದೆ ಎಂದು ಮಾಲೀಕರನ್ನಲ್ಲ, ಬಾಡಿಗೆಗೆ ಇರುವವರನ್ನು ಕೇಳಿ. ಕಾಮರ್ಸ್ ಓದುವ ಮಕ್ಕಳಿಗೆ ಇದೊಂದು ಒಳ್ಳೆಯ ಅಭ್ಯಾಸ: ಒಂದು ನೋಟ್‌ಬುಕ್ಕು ಹಿಡಿದು ಆ ನಾಲ್ಕು ರಸ್ತೆಯಲ್ಲಿ ನಡೆದು ಎಷ್ಟು 'ಟು ಲೆಟ್' ಬೋರ್ಡು ನೇತಾಡುತ್ತಿವೆ ಎಂದು ಎಣಿಸಿ. ತಿಂಗಳು ಬಿಟ್ಟು ಮತ್ತೆ ಎಣಿಸಿ. ಅವೇ ಬೋರ್ಡು ಅಲ್ಲೇ ಇದ್ದರೆ ಯಾರ ಭವಿಷ್ಯವಾಣಿಯೂ ಬೇಡ.

ಕಾಗದ ಪತ್ರದ ಮಾತು ಸ್ವಲ್ಪ. ಮೂಲಪತ್ರ, ಇ.ಸಿ., ಖಾತೆ, ಭೂಪರಿವರ್ತನೆ ಇವನ್ನು ನಿಮ್ಮದೇ ವಕೀಲರಿಗೆ ತೋರಿಸಿ. 'ಬ್ಯಾಂಕೇ ಸಾಲ ಕೊಡುತ್ತಿದೆ, ಕಾಗದ ಸರಿಯಿರದೆ ಕೊಡುತ್ತಾರೆಯೇ' ಎಂದು ಮಾಸ್ತರರು ಬರೆದಿದ್ದಾರೆ. ಬ್ಯಾಂಕಿನ ವಕೀಲ ನೋಡುವುದು ಬ್ಯಾಂಕಿನ ಹಣವನ್ನು. ಸಾಲಕ್ಕೆ ಪಿಂಚಣಿ ಇದೆ, ಅದರ ಹಿಂದೆ ನೀವಿದ್ದೀರಿ. ಎಲ್ಲಕ್ಕಿಂತ ಮುಖ್ಯ, ವಾಸಯೋಗ್ಯ ಪ್ರಮಾಣಪತ್ರ, ಎಲ್ಲರೂ ಓ.ಸಿ. ಎನ್ನುವುದು. ಅದಿಲ್ಲದ ಕಟ್ಟಡಕ್ಕೆ ನೀರು, ಕರೆಂಟಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದೆ. 'ಓ.ಸಿ. ಇದೆ ಅಂತಾರೆ' ಎಂದು ಮಾಸ್ತರರ ಕಾಗದದಲ್ಲಿದೆ. 'ಅಂತಾರೆ' ಎಂಬುದು ಕಾಗದವಲ್ಲ. ಪ್ರತಿ ತರಿಸಿಕೊಳ್ಳಿ.

ಬಾಡಿಗೆಯವರಿಂದ ತೆಗೆದುಕೊಳ್ಳುವ ಮುಂಗಡದ ಬಗ್ಗೆಯೂ ಒಂದು ಮಾತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವುದು ಬೆಂಗಳೂರಿನ ಹಳೆಯ ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳು ಎಂದಿದೆ. ಎಷ್ಟೇ ಇರಲಿ, ಅದು ನಿಮ್ಮ ಆದಾಯವಲ್ಲ, ಸಾಲ. ಅದನ್ನು ಮಗನ ಫೀಸಿಗೆ ಕಟ್ಟಿ, ಬಾಡಿಗೆಯವರು ಬಿಡುವ ದಿನ ಊರೆಲ್ಲ ಕೈಸಾಲಕ್ಕೆ ಓಡಾಡಿದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬ ನಾನೇ.

ಮಾಸ್ತರರಿಗೆ ನಾನು ಬರೆದದ್ದು ಇಷ್ಟು: ಈಗ ಬೇಡ. ಮಗಳು ಪಿ.ಜಿ.ಯಲ್ಲೇ ಇರಲಿ. ಇಬ್ಬರು ಮಕ್ಕಳ ಪೂರ್ತಿ ಓದಿನ ಹಣವನ್ನು ಬೇಕೆಂದಾಗ ಸಿಗುವ ಠೇವಣಿಯಲ್ಲಿ ಮೊದಲು ಎತ್ತಿಡಿ. 30 ಲಕ್ಷವನ್ನು ನಿಮ್ಮಿಬ್ಬರ ವೃದ್ಧಾಪ್ಯಕ್ಕೆಂದು ಹಿರಿಯ ನಾಗರಿಕರ ಯೋಜನೆಯಲ್ಲಿ ಹಾಕಿ. ಮಗ ಡಿಗ್ರಿ ಮುಗಿಸಿದ ಮೇಲೂ ಮನೆಯ ಆಸೆ ಉಳಿದಿದ್ದರೆ, ಸಾಲವಿಲ್ಲದೆ, ನೀವು ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ಊರಿನಲ್ಲಿ ನೋಡಿ. ಧಾರವಾಡದ ಸಪ್ತಾಪುರದಂಥ ಕಡೆ ಓದುವ ಮಕ್ಕಳಿಗೆ ಕೋಣೆ ಬಾಡಿಗೆಗೆ ಕೊಟ್ಟೇ ಬದುಕಿದ ಸಂಸಾರಗಳಿವೆ. ಅಲ್ಲಿ ನಲ್ಲಿ ಸೋರಿದರೆ ನಿಮಗೇ ಹೋಗಿ ನೋಡಲು ಬರುತ್ತದೆ.

ಒಂದು ಲಕ್ಷ ಮುಂಗಡದ ಗತಿ? ರಸೀದಿಯಲ್ಲಿ ಏನು ಬರೆದಿದೆ ನೋಡಿ, ಓ.ಸಿ. ಪ್ರತಿ ಕೇಳಿ ಲಿಖಿತವಾಗಿ ಒಂದು ಪತ್ರ ಕೊಡಿ, ಅದು ಬರದಿದ್ದರೆ ಹಣ ವಾಪಸು ಕೇಳಿ ಎಂದು ಬರೆದೆ. ಸಿಗದಿದ್ದರೆ? ಒಂದು ಲಕ್ಷ ಹೋಯಿತು ಎಂದು 77 ಲಕ್ಷವನ್ನು ಅದರ ಹಿಂದೆ ಕಳಿಸಬಾರದು.

ಮೊನ್ನೆ ಉತ್ತರ ಬಂತು. ಅಪ್ಪ ಮಗಳು ಒಂದು ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋಗಿದ್ದರಂತೆ. ಬೋರ್ಡು ಎಣಿಸುವ ಕೆಲಸ ಮಗಳದು: ಮೂರು ರಸ್ತೆಯಲ್ಲಿ 41. ಓ.ಸಿ. ಕೇಳಿದ್ದಕ್ಕೆ ಹದಿನೈದು ದಿನ ಸಮಯ ಕೇಳಿದ್ದಾರಂತೆ. ಮಾಸ್ತರರು ಹದಿನೈದು ದಿನವನ್ನು ಎಣಿಸುತ್ತಿದ್ದಾರೆ. ಕಾಗದದ ಕೊನೆಯಲ್ಲಿ ಬೇರೆ ಶಾಯಿಯಲ್ಲಿ, ಸ್ವಲ್ಪ ಅವಸರದ ಅಕ್ಷರದಲ್ಲಿ ಎರಡು ಸಾಲು: 'ಸರ್, ಗ್ಯಾಸ್ ಸಿಲಿಂಡರ್ ವಿಷಯ ಅಪ್ಪಾಜಿಗೆ ಹೊಳೆದೇ ಇರಲಿಲ್ಲ. ನಾನು ಮೊದಲ ದಿನವೇ ಹೇಳಬೇಕೆಂದಿದ್ದೆ, ಯಾರೂ ಕೇಳಲಿಲ್ಲ.'